ಮೂವತ್ತೊಂದನೆಯ ಸೂಜಿ

ಕನ್ನಡಕದ ಅಂಗಡಿಯ ಪಕ್ಕದಲ್ಲಿ ಹದಿನೇಳು ಮೆಟ್ಟಿಲು ಹತ್ತಿದರೆ ಒಂದು ಹಸಿರು ಬಾಗಿಲು. ಅದರ ಮೇಲೆ ಹೆಸರಿಲ್ಲ, ಪದವಿಯಿಲ್ಲ. ‘ದಯವಿಟ್ಟು ಫೋನ್ ಆರಿಸಿ ಒಳಗೆ ಬನ್ನಿ’ ಎಂದು ಒಂದು ಸಣ್ಣ ತಗಡು ಮಾತ್ರ ಇದೆ. ಒಳಗಿರುವಾಕೆಯನ್ನು ಊರೆಲ್ಲ ಕರೆಯುವುದು ಸೂಜಿ ಚಿಕ್ಕಮ್ಮ ಎಂದು. ಆಕೆಗಿಂತ ಇಪ್ಪತ್ತು ವರ್ಷ ದೊಡ್ಡವರೂ ಹಾಗೇ ಕರೆಯುತ್ತಾರೆ. ಗಂಡನ ಅಣ್ಣನ ಮಗಳು ಐದು ವರ್ಷದವಳಿದ್ದಾಗ ಇಟ್ಟ ಹೆಸರು ಅದು; ಮಗು ಬೆಳೆದು ಹೋಯಿತು, ಹೆಸರು ಉಳಿಯಿತು.

ಚಿಕ್ಕಮ್ಮನಿಗೆ ಐವತ್ತನಾಲ್ಕು. ಕೆಲಸ, ಮುಖಕ್ಕೆ ಸೂಜಿ ಚುಚ್ಚುವುದು. ಹೀಗೆಂದ ಕೂಡಲೇ ಜನ ಮುಖ ಹಿಂದಕ್ಕೆಳೆದುಕೊಳ್ಳುತ್ತಾರೆ. ಆದರೆ ಆ ಸೂಜಿ ಕೂದಲಿಗಿಂತ ಒಂದಿಷ್ಟು ದಪ್ಪ, ಅಷ್ಟೇ. ಔಷಧಿಯಿಲ್ಲ, ಬಣ್ಣವಿಲ್ಲ, ಒಳಗೆ ಏನನ್ನೂ ಬಿಡುವುದಿಲ್ಲ. ಹುಬ್ಬುಗಳ ನಡುವೆ ಒಂದು, ಒಂದೊಂದು ಹುಬ್ಬಿನ ಉದ್ದಕ್ಕೆ ಮೂರು, ಕಣ್ಣಿನ ಹೊರ ಅಂಚಿಗೆ ಎರಡೆರಡು, ಕೆನ್ನೆಗೆ ನಾಲ್ಕು ನಾಲ್ಕು, ಮೂಗಿನ ಮಗ್ಗುಲಿಗೆ ಒಂದೊಂದು, ತುಟಿಯ ಕೊನೆಗೆ ಎರಡೆರಡು, ದವಡೆಗೆ ಎರಡೆರಡು, ಗಲ್ಲಕ್ಕೆ ಒಂದು. ಒಟ್ಟು ಮೂವತ್ತು. ಮೂವತ್ತೊಂದನೆಯದು ನೆತ್ತಿಗೆ. ಸೂಜಿ ಚುಚ್ಚಿಸಿಕೊಂಡವರು ಇಪ್ಪತ್ತೈದು ನಿಮಿಷ ಕಣ್ಣು ಮುಚ್ಚಿ ಮಲಗಬೇಕು. ಆಮೇಲೆ ಎದ್ದು ಕನ್ನಡಿ ನೋಡಿದರೆ ಕೆನ್ನೆ ಒಂದಿಷ್ಟು ಕೆಂಪಾಗಿರುತ್ತದೆ, ಕಣ್ಣಿನ ಕೆಳಗಿನ ಬಾವು ಒಂದಿಷ್ಟು ಇಳಿದಿರುತ್ತದೆ.

ಮೊದಲ ಸಲ ಬಂದವರೆಲ್ಲ ಕೇಳುವ ಪ್ರಶ್ನೆ ಒಂದೇ: “ಎಷ್ಟು ವರ್ಷ ಚಿಕ್ಕವಳಾಗಿ ಕಾಣ್ತೀನಿ?”

ಚಿಕ್ಕಮ್ಮನ ಉತ್ತರವೂ ಒಂದೇ. “ಹತ್ತು ವರ್ಷ ತೆಗೆಯೋದು ನನ್ನ ಕೈಲಿ ಆಗಲ್ಲ. ಬೇಕಾದ್ರೆ ಹೋದ ವಾರವನ್ನ ಮುಖದಿಂದ ತೆಗೆದುಕೊಡ್ತೀನಿ.”

ಕೆಲವರು ಅಲ್ಲಿಂದಲೇ ಎದ್ದು ಹೋಗುತ್ತಾರೆ. ಉಳಿದವರನ್ನು ಆಕೆ ಮೂಲೆಯ ಕುರ್ಚಿಯಲ್ಲಿ ಕೂರಿಸಿ ಒಂದು ಫೋಟೋ ತೆಗೆಯುತ್ತಾಳೆ. ಕುರ್ಚಿಯ ನಾಲ್ಕು ಕಾಲಿಗೂ ನೆಲದಲ್ಲಿ ಅಂಟುಪಟ್ಟಿಯ ಗುರುತಿದೆ. ಅದೇ ಬಲ್ಬು, ಅದೇ ದೂರ, ಕಿಟಕಿಗೆ ಅದೇ ಪರದೆ. ಹತ್ತು ಸಲ ಬಂದುಹೋದ ಮೇಲೆ ಮತ್ತೆ ಅದೇ ಜಾಗದಲ್ಲಿ ಇನ್ನೊಂದು ಫೋಟೋ. ಎರಡನ್ನೂ ಪಕ್ಕಪಕ್ಕ ಇಟ್ಟು, ವ್ಯತ್ಯಾಸ ಕಂಡರೆ ಕಂಡಿತು ಎನ್ನುತ್ತಾಳೆ, ಕಾಣದಿದ್ದರೆ “ಇಲ್ಲ ಕಣಮ್ಮ, ನನಗೂ ಕಾಣ್ತಿಲ್ಲ” ಎನ್ನುತ್ತಾಳೆ. ಇಂಥ ವ್ಯಾಪಾರ ಮಾಡಿ ಇಪ್ಪತ್ತೆರಡು ವರ್ಷ ಬಾಳಿದ್ದು ಹೇಗೆ ಎಂದು ಆಕೆಯ ಗಂಡನಿಗೇ ಇನ್ನೂ ಅರ್ಥವಾಗಿಲ್ಲ.

ಈ ಕೆಲಸಕ್ಕೆ ಆಕೆ ಬಂದದ್ದು ತನ್ನ ಮುಖದ ದಾರಿಯಿಂದಲೇ. ಅದಕ್ಕೆ ಮೊದಲು ರಕ್ತ ಪರೀಕ್ಷೆಯ ಪ್ರಯೋಗಾಲಯವೊಂದರಲ್ಲಿ ರಕ್ತ ತೆಗೆಯುತ್ತಿದ್ದಳು. ಚುಚ್ಚಿದ್ದು ಮಕ್ಕಳಿಗೂ ಗೊತ್ತಾಗದಂಥ ಕೈ. ಒಂದು ದಿನ ಬೆಳಿಗ್ಗೆ ಹಲ್ಲುಜ್ಜುವಾಗ ನೀರು ಬಾಯಿಯ ಎಡ ಮೂಲೆಯಿಂದ ಸೋರಿತು. ಕನ್ನಡಿ ನೋಡಿದರೆ ಮುಖದ ಎಡ ಅರ್ಧ ಜೋತುಬಿದ್ದಿತ್ತು. ವೈದ್ಯರು ಮಾತ್ರೆ ಕೊಟ್ಟರು, ಇದು ನರದ ಊತ, ಹೆಚ್ಚಿನವರಿಗೆ ಕೆಲವು ವಾರಗಳಲ್ಲಿ ತಾನೇ ಸರಿಹೋಗುತ್ತದೆ ಎಂದರು. ಯಾರೋ ಹೇಳಿದರೆಂದು ಒಬ್ಬ ಮುದುಕಿಯ ಹತ್ತಿರ ಸೂಜಿ ಚುಚ್ಚಿಸಿಕೊಳ್ಳಲೂ ಹೋದಳು. ಏಳನೆಯ ವಾರ ನಗು ಎರಡೂ ಕಡೆ ಏರಿತು. ಚಿಕ್ಕಮ್ಮ ಕೈಮುಗಿಯಲು ಹೋದರೆ ಮುದುಕಿ ಕೈ ತಳ್ಳಿ ಹೇಳಿದಳು: “ನಾನಿಲ್ಲದಿದ್ರೂ ಇದು ಸರಿಹೋಗ್ತಿತ್ತೇನೋ. ಆದ್ರೆ ಕಾಯೋದು ಕಷ್ಟ ಕಣೇ. ನಾನು ಕಾಯೋದನ್ನ ಸುಲಭ ಮಾಡ್ದೆ.”

ಗುಣಪಡಿಸಿದೆ ಎನ್ನದೆ ಹೀಗೆ ಹೇಳುವ ಹೆಂಗಸನ್ನು ಚಿಕ್ಕಮ್ಮ ಅದುವರೆಗೆ ಕಂಡಿರಲಿಲ್ಲ. ಅಲ್ಲೇ ಶಿಷ್ಯೆಯಾದಳು. ನಾಲ್ಕು ವರ್ಷ ಕಲಿತಳು.

ಗುರುವಿನಿಂದ ಆಕೆಗೆ ಬಂದ ಆಸ್ತಿ ಮೂರು. ಒಂದು, ಒಂದು ಸ್ಟೀಲ್ ತಟ್ಟೆ. ಅದರಲ್ಲಿ ಆರಾರರಂತೆ ಐದು ಸಾಲು ಸಣ್ಣ ತೂತು, ಮೇಲೆ ಒಂಟಿಯಾಗಿ ಇನ್ನೊಂದು. ಮುಖದಿಂದ ತೆಗೆದ ಸೂಜಿ ಒಂದೊಂದು ತೂತಿಗೆ ಒಂದೊಂದು; ಎಲ್ಲ ತುಂಬಿದ್ದು ನೋಡಿಯೇ ಅವನ್ನು ಬಿಸಾಡುವ ಡಬ್ಬಕ್ಕೆ ಸುರಿಯಬೇಕು. ಎರಡು, ಒಂದು ನಿಯಮ: “ಚುಚ್ಚೋವಾಗ ನೀನು ಎಣಿಸು. ತೆಗೆಯೋವಾಗ ಅವರು ಎಣಿಸಲಿ, ಗಟ್ಟಿಯಾಗಿ. ಮಲಗೆದ್ದವರಿಗೆ ತಮ್ಮ ಮುಖ ತಮಗೆ ವಾಪಸು ಬಂತು ಅನ್ನೋದು ಕಿವಿಗೂ ಗೊತ್ತಾಗಬೇಕು.” ಮೂರನೆಯದು ಒಂದು ಮಾತು. ಗುರುವಿಗೆ ಎಪ್ಪತ್ತಾದಾಗ ಒಂದು ಮಧ್ಯಾಹ್ನ ಹುಬ್ಬಿನ ಸೂಜಿಗೆ ಭೂತಗನ್ನಡಿ ಬೇಕಾಯಿತು. ಅವತ್ತೇ ತಟ್ಟೆಯನ್ನು ಶಿಷ್ಯೆಯ ಕೈಗಿಟ್ಟಳು. “ಕಣ್ಣಿಗೆ ಊರುಗೋಲು ಬೇಕಾದ ದಿನ ಕೈ ನಿಲ್ಲಿಸ್ಬೇಕು.” ಮತ್ತೆ ಸೂಜಿ ಮುಟ್ಟಲಿಲ್ಲ.

ಈ ಮೂರನೆಯ ಆಸ್ತಿಯೇ ಎರಡು ವರ್ಷದಿಂದ ಚಿಕ್ಕಮ್ಮನ ಎದೆಯ ಮೇಲೆ ಕೂತಿತ್ತು.

ಆಕೆಗೆ ಹತ್ತಿರದ್ದು ಕಾಣದಾದದ್ದನ್ನು ಕೆಳಗಿನ ಅಂಗಡಿಯ ಕನ್ನಡಕದಣ್ಣ ಎಂದೋ ಪತ್ತೆಹಚ್ಚಿದ್ದ. ಆಕೆ ಫೋನನ್ನು ದೂರ ಹಿಡಿದು, ಆಮೇಲೆ ಇನ್ನೂ ದೂರ ಹಿಡಿದು ಓದುವುದನ್ನು ನೋಡಿ ಬಾಗಿಲಿಂದಲೇ ಕೂಗುತ್ತಿದ್ದ: “ಚಿಕ್ಕಮ್ಮಾ, ನಿಮ್ಮ ಕಣ್ಣಿಗೇನೂ ಆಗಿಲ್ಲ ಬಿಡಿ. ಕೈ ಗಿಡ್ಡ ಆಗಿದೆ!”

“ನಿನ್ನ ನಾಲಿಗೆ ಉದ್ದ ಆಗಿದೆ. ಅಂಗಡಿ ನೋಡ್ಕೋ.”

“ದೂರದ್ದೆಲ್ಲ ಹದ್ದಿಗೆ ಕಂಡ ಹಾಗೆ ಕಾಣುತ್ತೆ, ಹತ್ತಿರದ್ದು ಮಂಜು. ಸರೀನಾ? ಎಲ್ಲರಿಗೂ ಆಗೋದೇ. ಒಂದು ಗಾಜು ಹಾಕಿದ್ರೆ ಮುಗೀತು.”

“ನನಗೆ ಎಲ್ಲ ಕಾಣುತ್ತೆ.”

ಕಾಣುತ್ತಿರಲಿಲ್ಲ. ಆಕೆ ಚುಚ್ಚುತ್ತಿದ್ದುದು ಬೆರಳ ತುದಿಯಿಂದ. ಮುಖದ ಮೂಳೆ, ತಗ್ಗು, ಸ್ನಾಯುವಿನ ಅಂಚು ಬೆರಳಿಗೆ ಬಾಯಿಪಾಠವಾಗಿದ್ದವು. ಮುಖದ ಸೂಜಿಗಳಿಗೆ ಹಳದಿ ಪ್ಲಾಸ್ಟಿಕ್ ಹಿಡಿಯಿತ್ತು, ನೆತ್ತಿಯದಕ್ಕೆ ಕೆಂಪು. ಮಂಜಿನಲ್ಲೂ ಬಣ್ಣ ಬಣ್ಣವೇ. ತಟ್ಟೆಯ ತೂತು ತುಂಬಿದೆಯೋ ಇಲ್ಲವೋ ಎಂಬುದನ್ನು ಬೆರಳು ಸವರಿಯೇ ತಿಳಿಯುತ್ತಿದ್ದಳು. ಇಪ್ಪತ್ತೆರಡು ವರ್ಷದಲ್ಲಿ ಒಂದೇ ಒಂದು ಸೂಜಿ ಯಾರ ಮೈಮೇಲೂ ಉಳಿದು ಹೊರಗೆ ಹೋಗಿರಲಿಲ್ಲ. ಅದು ಹಾಗಿರುವವರೆಗೆ ಗುರುವಿನ ಮಾತು ತನಗೆ ತಾಗದು ಎಂದು ಒಂದು ಒಳ ಒಪ್ಪಂದ ಮಾಡಿಕೊಂಡಿದ್ದಳು. ಕನ್ನಡಕ ಹಾಕಿದರೆ ಕೈ ನಿಲ್ಲಿಸಬೇಕು. ಕೈ ನಿಲ್ಲಿಸಿದರೆ ಆ ಹಸಿರು ಬಾಗಿಲಿನ ಹಿಂದೆ ತಾನು ಯಾರು? ಅದಕ್ಕೇ ಕನ್ನಡಕದ ಮಾತೆತ್ತಿದರೆ ಆಕೆಗೆ ಕೋಪ ಬರುತ್ತಿತ್ತು.

ಹೀಗಿರುವಾಗ ಒಂದು ಶುಕ್ರವಾರ ಮಧ್ಯಾಹ್ನ ಎರಡು ಗಂಟೆಗೆ ಮೆಟ್ಟಿಲಿನ ಮೇಲೆ ಮನೆಯಲ್ಲಿ ಕೇಳಿ ಪರಿಚಯವಿದ್ದ ಹೆಜ್ಜೆ ಕೇಳಿತು. ಹದಿನೇಳನ್ನೂ ಒಂದೇ ಅಂತರದಲ್ಲಿ ಹತ್ತುವ ಹೆಜ್ಜೆ. ಬಾಗಿಲಲ್ಲಿ ನಿಂತವಳು ಲೆಕ್ಕದಕ್ಕ.

ಲೆಕ್ಕದಕ್ಕ ಎಂದರೆ ಚಿಕ್ಕಮ್ಮನ ವಾರಗಿತ್ತಿ, ಗಂಡನ ಅಣ್ಣನ ಹೆಂಡತಿ. ಮೂವತ್ತನಾಲ್ಕು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತಳಾದವಳು. ಉತ್ತರ ಸರಿಯಿದ್ದು ಒಂದು ಹಂತ ಬಿಟ್ಟಿದ್ದರೂ ಅರ್ಧ ಅಂಕ ಕತ್ತರಿಸುತ್ತಿದ್ದವಳು. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರಲ್ಲ, ಹಾಗೆ ಊರಿನವರೆಲ್ಲ ಈ ಮೆಟ್ಟಿಲು ಹತ್ತಿದರೂ ಲೆಕ್ಕದಕ್ಕ ಇಪ್ಪತ್ತೆರಡು ವರ್ಷ ಇತ್ತ ತಲೆ ಹಾಕಿರಲಿಲ್ಲ. ಮನೆಮಂದಿಯೆಲ್ಲ ಸೇರಿದಾಗ “ಹೇಗೆ ನಡೀತಿದೆ ನಿನ್ನ ಕಸೂತಿ?” ಎಂದು ಕೇಳುವಳು. ಎಲ್ಲರೂ ನಗುವರು. ಚಿಕ್ಕಮ್ಮನೂ ನಗುವಳು, ಮನೆಗೆ ಬಂದ ಮೇಲೆ ಎರಡು ದಿನ ಪಾತ್ರೆಗಳನ್ನು ಸ್ವಲ್ಪ ಜೋರಾಗಿ ಇಡುವಳು.

“ಯಾರಿಗೂ ಹೇಳ್ಬೇಡ,” ಎಂದಳು ಲೆಕ್ಕದಕ್ಕ, ಕೂರುವ ಮೊದಲೇ. “ನಿನ್ನ ಗಂಡನಿಗೂ ಸಹ. ಅವನಿಗೆ ಹೇಳೋದೂ ಒಂದೇ, ಮೈಕಿನಲ್ಲಿ ಹೇಳೋದೂ ಒಂದೇ.”

“ಇಲ್ಲಕ್ಕ. ಏನಾಯ್ತು?”

“ಇವತ್ತು ನಾಲ್ಕು ಗಂಟೆಗೆ ಶಾಲೆಯಲ್ಲಿ ಹಳೇ ಟೀಚರುಗಳನ್ನೆಲ್ಲ ವೇದಿಕೆ ಮೇಲೆ ಕೂರಿಸ್ತಾರಂತೆ. ಶಾಲೆಗೆ ಐವತ್ತು ವರ್ಷ. ನನ್ನ ಪಕ್ಕದ ಕುರ್ಚಿ ಯಾರದ್ದು ಗೊತ್ತಾ? ಆ ಸಂಗೀತದ ಟೀಚರದ್ದು. ಅವಳೂ ನಾನೂ ಒಂದೇ ವರ್ಷ ಸೇರಿದ್ದು. ಹೋದ ತಿಂಗಳು ನೋಡ್ದೆ, ಮುಖ ಒಳ್ಳೆ ತೊಳೆದಿಟ್ಟ ಸೇಬು! ನನ್ನನ್ನ ನೋಡಿ, ‘ಅಯ್ಯೋ, ಹುಷಾರಿಲ್ವಾ?’ ಅಂತಾಳೆ. ನಾನು ಗಟ್ಟಿಮುಟ್ಟಾಗಿದ್ದೆ ಕಣೇ!”

ಚಿಕ್ಕಮ್ಮನಿಗೆ ನಗು ಬಂತು, ಜೊತೆಗೆ ಏನೋ ಒಂದು ಬೆಚ್ಚಗಿನ ಭಯ. “ಒಂದೇ ಸಲಕ್ಕೆ ಹೆಚ್ಚೇನೂ ಆಗಲ್ಲಕ್ಕ. ಮೊದಲೇ ಹೇಳ್ಬಿಡ್ತೀನಿ.”

“ಹುಷಾರಿಲ್ವಾ ಅಂತ ಕೇಳದ ಹಾಗೆ ಮಾಡು. ಸಾಕು.”

ಫೋನ್ ಆರಿಸಿದ್ದಾಯಿತು, ಫೋಟೋ ಆಯಿತು, ಮುಖ ಒರೆಸಿದ್ದಾಯಿತು. ಚಿಕ್ಕಮ್ಮ ಮೂವತ್ತು ಹಳದಿ ಹಿಡಿಯ ಸೂಜಿ ಚುಚ್ಚಿದಳು. ಲೆಕ್ಕದಕ್ಕ ಹುಬ್ಬು ಗಂಟಿಕ್ಕಿಕೊಂಡೇ ಮಲಗಿದ್ದವಳು ಏಳನೆಯದಕ್ಕೆ “ಇಷ್ಟೇನಾ?” ಎಂದಳು, ಹದಿನೈದರ ಹೊತ್ತಿಗೆ ಹುಬ್ಬು ಸಡಿಲವಾಯಿತು. ನೆತ್ತಿಯ ಕೆಂಪು ಹಿಡಿಯದನ್ನು ತೆಗೆಯಲು ಡಬ್ಬಿಗೆ ಕೈಹಾಕಿದರೆ ಡಬ್ಬಿ ಖಾಲಿ. ಬೆಳಿಗ್ಗೆ ಬಂದಾಕೆಗೆ ಕೊನೆಯದು ಹೋಗಿತ್ತು. ಡ್ರಾಯರಿನಲ್ಲಿ ಹಳೆಯ ಮಾದರಿಯದು ಇತ್ತು, ಸುರುಳಿ ಸುತ್ತಿದ ಸ್ಟೀಲ್ ಹಿಡಿಯದು. ಸೂಜಿ ಅದೇ, ಅಳತೆ ಅದೇ, ಮೊಹರು ಒಡೆದಿರದ ಪೊಟ್ಟಣ. ಅದನ್ನೇ ಲೆಕ್ಕದಕ್ಕನ ನೆತ್ತಿಗೆ ಓರೆಯಾಗಿ ಅರ್ಧ ಸೆಂಟಿಮೀಟರು ಇಳಿಸಿದಳು. ಲೆಕ್ಕದಕ್ಕನ ತಲೆ ಪೂರ್ತಿ ಬೆಳ್ಳಿ. ಬಣ್ಣ ಹಚ್ಚುವುದು ಉತ್ತರವನ್ನು ತಿದ್ದಿದ ಹಾಗೆ ಎಂದು ಎಂದೂ ಹಚ್ಚಿದವಳಲ್ಲ. ಬೆಳ್ಳಿಯಲ್ಲಿ ಸ್ಟೀಲ್ ಸೇರಿಕೊಂಡಿತು.

ಇಪ್ಪತ್ತೈದು ನಿಮಿಷ ಕಳೆಯಿತು. ಆಮೇಲೆ ಚಿಕ್ಕಮ್ಮ ಗಲ್ಲದಿಂದ ಶುರುಮಾಡಿದಳು. “ಅಕ್ಕ, ಈಗ ನೀವು ಎಣಿಸ್ಬೇಕು. ಗಟ್ಟಿಯಾಗಿ.”

“ನಾನಾ? ಇದೇನು ಒಂದನೇ ಕ್ಲಾಸಾ?”

“ಇಲ್ಲಿನ ನಿಯಮ.”

ನಿಯಮ ಎಂದ ಮೇಲೆ ಲೆಕ್ಕದಕ್ಕ ಎರಡನೆಯ ಮಾತಾಡುವವಳಲ್ಲ. “ಒಂದು. ಎರಡು. ಮೂರು.” ಕಂಚಿನ ಕಂಠ. ದವಡೆ, ತುಟಿ, ಕೆನ್ನೆ. “ಹದಿನೆಂಟು. ಹತ್ತೊಂಬತ್ತು. ಅಂದಹಾಗೆ ಆ ಸಂಗೀತದವಳು ಒಂದು ಸಲ ಏನು ಮಾಡಿದ್ಲು ಗೊತ್ತಾ? ಪರೀಕ್ಷೆ ದಿನ, ನನ್ನ ಕ್ಲಾಸಿನ ಗೋಡೆಗೆ ಒರಗಿ ಹಾರ್ಮೋನಿಯಂ! ಮಕ್ಕಳು ವರ್ಗಮೂಲ ತೆಗೀತಿದ್ದಾರೆ, ಇವಳು ರಾಗ ತೆಗೀತಿದ್ದಾಳೆ. ಹೋಗಿ ಕೇಳಿದ್ರೆ, ‘ತಾಳದಲ್ಲೂ ಲೆಕ್ಕ ಇದೆ ಟೀಚರ್’ ಅಂತಾಳೆ. ಹೂಂ, ಎಲ್ಲಿದ್ದೆ? ಇಪ್ಪತ್ತೊಂದು. ಇಪ್ಪತ್ತೆರಡು.”

ಚಿಕ್ಕಮ್ಮ ನಗುತ್ತ ತೆಗೆಯುತ್ತ ಹೋದಳು. ಹುಬ್ಬುಗಳ ನಡುವಿನ ಸೂಜಿ ಬಂದಾಗ ಲೆಕ್ಕದಕ್ಕ “ಮೂವತ್ತೊಂದು” ಎಂದಳು. ಆ ಸಂಖ್ಯೆ ಕಿವಿಗೆ ಬಿದ್ದ ಕೂಡಲೇ, ಇಪ್ಪತ್ತೆರಡು ವರ್ಷದ ಅಭ್ಯಾಸದಂತೆ, ಕೈ ತಾನೇ ನಿಂತಿತು. ಕಣ್ಣು ಒಮ್ಮೆ ನೆತ್ತಿಯ ಮೇಲೆ ಹಾಯಿತು, ಕೆಂಪು ಕಾಣಲಿಲ್ಲ. ಕೆಳಗೆ ಬಾಡಿಗೆ ಕಾರು ಹಾರ್ನ್ ಹೊಡೆಯಿತು. ಲೆಕ್ಕದಕ್ಕ ಕನ್ನಡಿಯಲ್ಲಿ ಮುಖವನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಗಿಸಿ, “ಪರವಾಗಿಲ್ಲ,” ಎಂದಳು. ಆಕೆಯ ಬಾಯಲ್ಲಿ ಅದು ನೂರಕ್ಕೆ ತೊಂಬತ್ತು. ಬಾಗಿಲಲ್ಲಿ ತಿರುಗಿ, “ಕಸೂತಿ ಅಂತ ಇನ್ಮೇಲೆ ಅನ್ನಲ್ಲ ಬಿಡು,” ಎಂದು ಹದಿನೇಳು ಮೆಟ್ಟಿಲು ಇಳಿದು ಹೋದಳು.

ಚಿಕ್ಕಮ್ಮ ಆ ಮಾತನ್ನು ಬಾಯಲ್ಲಿ ಕಲ್ಲುಸಕ್ಕರೆಯಂತೆ ಇಟ್ಟುಕೊಂಡು ಮಂಚದ ಹೊದಿಕೆ ಬದಲಾಯಿಸಿದಳು, ಕಿಟಕಿ ತೆರೆದಳು. ಕೊನೆಗೆ ತಟ್ಟೆ ಎತ್ತಿಕೊಂಡು ಬೆರಳು ಸವರಿದಳು. ಆರು, ಆರು, ಆರು, ಆರು, ಆರು. ಮೇಲಿನ ಒಂಟಿ ತೂತಿಗೆ ಬೆರಳು ಹೋಯಿತು. ಖಾಲಿ.

ಮತ್ತೆ ಸವರಿದಳು. ನೆಲ ನೋಡಿದಳು, ದಿಂಬು ಕೊಡವಿದಳು. ಆಮೇಲೆ ಲೆಕ್ಕದಕ್ಕನ ಎಣಿಕೆಯನ್ನು ಮನಸ್ಸಿನಲ್ಲೇ ಮತ್ತೆ ಎಣಿಸಿದಳು: ಹತ್ತೊಂಬತ್ತು, ಹಾರ್ಮೋನಿಯಂ, ಇಪ್ಪತ್ತೊಂದು. ಇಪ್ಪತ್ತು ಎಲ್ಲಿ? ಇಪ್ಪತ್ತನ್ನು ಹಾರ್ಮೋನಿಯಂ ನುಂಗಿತ್ತು. ಸೂಜಿ ಇನ್ನೂ ಲೆಕ್ಕದಕ್ಕನ ನೆತ್ತಿಯಲ್ಲಿತ್ತು.

ಫೋನ್ ಮಾಡಿದಳು. ಆರಿಸಿತ್ತು. ಆರಿಸಲು ಹೇಳಿದ್ದು ತಾನೇ.

ಕೆಳಗಿಳಿದು ವಿಷಯ ಹೇಳಿದಳು; ಆಕೆಯ ಮುಖ ನೋಡಿ ಕನ್ನಡಕದಣ್ಣ ತಮಾಷೆ ಮಾಡಲಿಲ್ಲ. ಸ್ಕೂಟರಿನ ಕೀಲಿ ತೆಗೆದುಕೊಂಡ. ಬೀದಿಯ ಎರಡನೆಯ ತಿರುವಿನಲ್ಲಿ ಕೇಳಿದ: “ಸೂಜಿ ಇದ್ರೆ ಏನಾಗುತ್ತೆ?”

“ಸುಮ್ಮನೆ ಇದ್ರೆ ಏನೂ ಆಗಲ್ಲ. ಚರ್ಮದ ಕೆಳಗೆ ಓರೆಯಾಗಿ ಮಲಗಿರುತ್ತೆ. ಮೇಲಿಂದ ಒತ್ತಿದ್ರೆ ಬಾಗುತ್ತೆ, ನೋವಾಗುತ್ತೆ, ರಕ್ತ ಬರುತ್ತೆ.”

“ತಲೆ ಯಾರು ಒತ್ತುತ್ತಾರೆ ಬಿಡಿ.”

ಶಾಲೆಯ ಸಭಾಂಗಣದ ಹಿಂಬಾಗಿಲಲ್ಲಿ ನಿಂತಾಗ ಅದಕ್ಕೂ ಉತ್ತರ ಸಿಕ್ಕಿತು. ವೇದಿಕೆಯ ಮೇಲೆ ಒಂಬತ್ತು ಕುರ್ಚಿ, ಒಂಬತ್ತು ಹಳೆಯ ಟೀಚರುಗಳು. ಇಬ್ಬರು ಹುಡುಗಿಯರು ಎಡಗಡೆಯಿಂದ ಒಬ್ಬೊಬ್ಬರ ತಲೆಗೂ ರಟ್ಟಿನ ಟೋಪಿ ತೊಡಿಸುತ್ತ ಬರುತ್ತಿದ್ದರು. ಮಕ್ಕಳೇ ಮಾಡಿದ ಟೋಪಿ. ಮೇಲೆ ಅವರವರ ಸೇವೆಯ ವರ್ಷ ಬರೆದಿತ್ತು. ಟೋಪಿ ಬಿಗಿಯಾಗಿತ್ತೋ ಏನೋ, ತೊಡಿಸಿದ ಮೇಲೆ ಮೇಲಿನಿಂದ ಎರಡು ಸಲ ತಟ್ಟಿ ಕೂರಿಸುತ್ತಿದ್ದರು. ಪ್ರೀತಿಯಿಂದಲೇ, ಆದರೆ ಬಲವಾಗಿ.

ಲೆಕ್ಕದಕ್ಕ ಏಳನೆಯ ಕುರ್ಚಿ. ಹುಡುಗಿಯರು ಮೂರನೆಯದರಲ್ಲಿದ್ದರು.

ಅಷ್ಟು ದೂರದಿಂದ ಚಿಕ್ಕಮ್ಮನಿಗೆ ಅದು ಕಂಡಿತು. ವೇದಿಕೆಯ ದೀಪ ಬಿದ್ದು, ಬೆಳ್ಳಿ ಕೂದಲಿನ ನಡುವೆ ಓರೆಯಾಗಿ ಒಂದು ಮಿಂಚು, ಪುಟ್ಟ ಆಂಟೆನಾದ ಹಾಗೆ. ಒಂದು ಗೇಣು ದೂರದಲ್ಲಿ ಕಾಣದ್ದು ಅರುವತ್ತು ಅಡಿಯಿಂದ ಚೊಕ್ಕವಾಗಿ ಕಾಣುತ್ತಿತ್ತು. ಪಕ್ಕದಲ್ಲಿ ಕನ್ನಡಕದಣ್ಣ ವೇದಿಕೆ ಬಿಟ್ಟು ಆಕೆಯ ಕಣ್ಣನ್ನೇ ನೋಡಿದ. ತಮಾಷೆ ಮಾಡಿದ್ದರೆ ವಾಸಿಯಿತ್ತು.

ಚಿಕ್ಕಮ್ಮ ಒಂದು ಕ್ಷಣ ತಡೆದಳು. ವೇದಿಕೆ ಹತ್ತಿದರೆ ಎಲ್ಲರಿಗೂ ಗೊತ್ತಾಗುತ್ತದೆ. ಸೂಜಿ ಚಿಕ್ಕಮ್ಮನ ಮುಖ ಗೊತ್ತಿಲ್ಲದವರು ಆ ಸಭೆಯಲ್ಲಿ ಯಾರಿದ್ದರು? ಲೆಕ್ಕದಕ್ಕನ ಗುಟ್ಟು ಆ ಸೇಬಿನ ಎದುರಿಗೇ ಒಡೆಯುತ್ತದೆ. ಜೊತೆಗೆ ತನ್ನ ಇಪ್ಪತ್ತೆರಡು ವರ್ಷವೂ ಅಲ್ಲೇ ಮುಗಿಯುತ್ತದೆ. ಹುಡುಗಿಯರು ಐದನೆಯ ಕುರ್ಚಿಗೆ ಬಂದರು.

ಚೀಲದಿಂದ ಒಂದು ಹತ್ತಿಯ ಉಂಡೆ ಕಿತ್ತು, ಅಂಗೈಯಲ್ಲಿ ಮುಚ್ಚಿಕೊಂಡು, ಪಕ್ಕದ ಮೆಟ್ಟಿಲು ಹತ್ತಿಯೇಬಿಟ್ಟಳು.

ಮೈಕಿನ ಎದುರಿದ್ದ ಮುಖ್ಯೋಪಾಧ್ಯಾಯರು ತಿರುಗಿ ನೋಡಿದರು. ಹೊಸಬರು, ಪಾಪ, ಊರಿಗೆ ಬಂದು ಎರಡು ತಿಂಗಳಾಗಿತ್ತು. “ಓ, ಇನ್ನೊಬ್ಬ ಗುರುಗಳು ತಡವಾಗಿ ಬಂದಿದ್ದಾರೆ! ಯಾರಾದ್ರೂ ಒಂದು ಕುರ್ಚಿ ಕೊಡಿ. ಜೋರಾಗಿ ಚಪ್ಪಾಳೆ!” ಸಭೆ ಚಪ್ಪಾಳೆ ತಟ್ಟಿತು. ಚಿಕ್ಕಮ್ಮ ಒಂದು ಕೈಯಿಂದ ಸಭೆಗೆ ನಮಸ್ಕಾರದಂಥದ್ದೇನೋ ಮಾಡಿ ಲೆಕ್ಕದಕ್ಕನ ಹಿಂದೆ ಹೋಗಿ ನಿಂತಳು.

“ನೀನ್ಯಾಕೆ ಬಂದೆ ಇಲ್ಲಿ?” ಲೆಕ್ಕದಕ್ಕ ತುಟಿ ಅಲುಗಿಸದೆ ಕೇಳಿದಳು.

“ಅಲ್ಲಾಡ್ಬೇಡಿ ಅಕ್ಕ. ಒಂದು ನಿಮ್ಮ ಹತ್ರಾನೇ ಉಳಿದಿದೆ.”

“ಸಾಧ್ಯವಿಲ್ಲ. ಮೂವತ್ತೊಂದು ಎಣಿಸಿದ್ದೀನಿ.”

“ತಪ್ಪು ನಂದೇ. ಉಸಿರು ಬಿಡಿ.”

ಲೆಕ್ಕದಕ್ಕ ಉಸಿರು ಬಿಟ್ಟಳು. ಎರಡು ಬೆರಳು ಬೆಳ್ಳಿಯೊಳಗೆ ಇಳಿದವು, ಹುಡುಕದೆ ನೇರ ಹಿಡಿಯನ್ನೇ ಹಿಡಿದವು, ಮೇಲೆ ಬಂದವು. ಹತ್ತಿ ಒತ್ತಿದ್ದಾಯಿತು. ರಕ್ತ ಒಂದು ತೊಟ್ಟೂ ಇಲ್ಲ. ಪಕ್ಕದ ಕುರ್ಚಿಯಿಂದ ಸಂಗೀತದ ಟೀಚರು ಬಗ್ಗಿ ನೋಡಿದಳು. “ಏನದು?”

“ಹೇರ್‌ಪಿನ್,” ಎಂದಳು ಚಿಕ್ಕಮ್ಮ.

“ಇಷ್ಟು ಸಣ್ಣದಾ?”

“ಸಣ್ಣ ಕೂದಲಿಗೆ.”

ಅಷ್ಟರಲ್ಲಿ ‘೩೪’ ಎಂದು ಬರೆದ ಟೋಪಿ ಬಂದು ಲೆಕ್ಕದಕ್ಕನ ತಲೆಯ ಮೇಲೆ ಕೂತಿತು. ಹುಡುಗಿ ಎರಡು ಸಲ ತಟ್ಟಿದಳು. ಲೆಕ್ಕದಕ್ಕ ಚಿಕ್ಕಮ್ಮನನ್ನು ತಿರುಗಿ ನೋಡಲಿಲ್ಲ.

ಮನೆಗೆ ಹೋಗುವ ಮೊದಲು ಚಿಕ್ಕಮ್ಮ ಹದಿನೇಳು ಮೆಟ್ಟಿಲು ಮತ್ತೆ ಹತ್ತಿದಳು. ತಟ್ಟೆಯನ್ನು ತೊಳೆದು, ಒರೆಸಿ, ಬಟ್ಟೆಯಲ್ಲಿ ಸುತ್ತಿ ಡ್ರಾಯರಿನ ತಳಕ್ಕೆ ಇಟ್ಟಳು. ಶನಿವಾರ ಬರಬೇಕಿದ್ದವರಿಗೆ ಮೈ ಹುಷಾರಿಲ್ಲ ಎಂದು ಸಂದೇಶ ಕಳಿಸಿದಳು, ಫೋನನ್ನು ಕೈ ಚಾಚುವಷ್ಟೂ ದೂರ ಹಿಡಿದು. ಸೋಮವಾರದವರಿಗೂ ಅದನ್ನೇ. ಮನೆಯಲ್ಲಿ ಕೂತು ಕಪಾಟುಗಳನ್ನು ಜೋಡಿಸಿದಳು. ಗಂಡ, “ಎಷ್ಟು ದಿನ ರಜೆ?” ಎಂದರೆ “ನೋಡೋಣ,” ಎಂದಳು. ಜೋಡಿಸಿದ ಕಪಾಟನ್ನೇ ಮತ್ತೆ ಜೋಡಿಸಿದಳು. ಇಪ್ಪತ್ತೆರಡು ವರ್ಷ ಕೈಗೆ ಒಂದು ಕೆಲಸ ಗೊತ್ತಿತ್ತು. ಈಗ ಅದಕ್ಕೆ ಉಪ್ಪಿನ ಡಬ್ಬಿ, ಸಕ್ಕರೆ ಡಬ್ಬಿ.

ಮಂಗಳವಾರ ಬೆಳಿಗ್ಗೆ ಹತ್ತಕ್ಕೆ ಬಾಗಿಲು ತಟ್ಟಿದ್ದು ಲೆಕ್ಕದಕ್ಕ. “ನಿನ್ನ ಹಸಿರು ಬಾಗಿಲಿಗೆ ಹೋಗಿದ್ದೆ. ಬೀಗ. ಕೆಳಗಿನ ಕನ್ನಡಕದವನು ಎಲ್ಲ ಹೇಳ್ದ. ನಿನ್ನ ಕಣ್ಣಿಂದು.”

“ಬೈಯೋದಾದ್ರೆ ಬೈದುಬಿಡಿ ಅಕ್ಕ.”

“ಕೂತ್ಕೋ.” ತಾನೂ ಕೂತಳು. “ಶುಕ್ರವಾರದಿಂದ ಲೆಕ್ಕ ಮಾಡಿದ್ದೀನಿ. ಹತ್ತೊಂಬತ್ತಾದ ಮೇಲೆ ಇಪ್ಪತ್ತೊಂದು ಅಂದೆ. ಹೌದಾ?”

ಚಿಕ್ಕಮ್ಮ ಹೌದೆಂದು ತಲೆಯಾಡಿಸಿದಳು.

“ಅಂದ್ರೆ ನಿನಗೆ ಗೊತ್ತಿತ್ತು. ವೇದಿಕೆ ಮೇಲೆ ತಪ್ಪು ನಂದೇ ಅಂದ್ಯಲ್ಲ, ಯಾರು ಕೇಳಿದ್ರು ನಿನ್ನ? ಅರ್ಧ ತಪ್ಪು ನಂದು. ನನ್ನ ಅರ್ಧ ಅಂಕ ನೀನು ಯಾಕೆ ಕತ್ತರಿಸ್ಕೊಳ್ತೀಯ?”

“ನೀವು ಎಣಿಸೋದು ತಪ್ಪಿದ್ರೂ ನನಗೆ ಕಾಣಬೇಕಿತ್ತು ಅಕ್ಕ. ಕಾಣಲಿಲ್ಲ. ನಮ್ಮ ಗುರುಗಳು ಹೇಳಿದ್ರು, ಕಣ್ಣಿಗೆ ಊರುಗೋಲು ಬೇಕಾದ ದಿನ ಕೈ ನಿಲ್ಲಿಸ್ಬೇಕು ಅಂತ.”

“ಅವರ ಕೈ ಹೇಗಿತ್ತು ಆಗ?”

ಈ ಪ್ರಶ್ನೆಯನ್ನು ಚಿಕ್ಕಮ್ಮನಿಗೆ ಯಾರೂ ಕೇಳಿರಲಿಲ್ಲ, ತಾನೂ ಕೇಳಿಕೊಂಡಿರಲಿಲ್ಲ. ನೆನಪು ಮಾಡಿಕೊಂಡಳು. ಭೂತಗನ್ನಡಿ ಹಿಡಿದ ಎಡಗೈ. ಸೂಜಿ ಹಿಡಿದ ಬಲಗೈ. ಕಪ್ಪಿನಲ್ಲಿದ್ದ ಚಹಾ ಸದಾ ಸಾಸರಿಗೆ ಚೆಲ್ಲಿರುತ್ತಿದ್ದದ್ದು. “ನಡುಗ್ತಿತ್ತು,” ಎಂದಳು ನಿಧಾನವಾಗಿ. “ಕೊನೆಯ ವರ್ಷ ನಡುಗ್ತಿತ್ತು.”

“ಮತ್ತೆ? ಅವರು ನಿಲ್ಲಿಸಿದ್ದು ಕೈಗೋಸ್ಕರ, ಹೇಳಿದ್ದು ಕಣ್ಣಿನ ಹೆಸರು. ಕೈ ನಡುಗುತ್ತೆ ಅಂತ ಬಾಯಿಬಿಟ್ಟು ಹೇಳೋದು ಅಷ್ಟು ಸುಲಭ ಅಲ್ಲ ಕಣೇ. ನಿನ್ನ ಕೈ ನಡುಗುತ್ತಾ? ಅಷ್ಟು ಜನರ ಮುಂದೆ ನನ್ನ ನೆತ್ತಿಯಿಂದ ಕಿತ್ತೆಯಲ್ಲ, ನನಗೆ ಗೊತ್ತೇ ಆಗಲಿಲ್ಲ.” ಲೆಕ್ಕದಕ್ಕ ಎದ್ದು ನಿಂತಳು. “ನಾನು ಇಪ್ಪತ್ತು ಬಿಟ್ಟೆ ಅಂತ ಇನ್ಮೇಲೆ ಎಣಿಸೋದೇ ಬಿಟ್ಟುಬಿಡ್ಲಾ? ನಡಿ. ಕನ್ನಡಕದವನು ಅಂಗಡಿ ತೆಗೆದಿದ್ದಾನೆ.”

“ಈಗಲೇನಾ?”

“ಇನ್ನೊಂದು. ಆ ಸಂಗೀತದವಳಿಗೆ ಹೇರ್‌ಪಿನ್ ಅಂತ ಸುಳ್ಳು ಹೇಳಿದ್ಯಲ್ಲ. ನಿಜ ಹೇಳ್ಬಿಟ್ಟೆ.”

“ಅಯ್ಯೋ! ನೀವೇನಾ?”

“ತಪ್ಪು ಉತ್ತರ ಬೋರ್ಡಿನ ಮೇಲೆ ಹಾಗೇ ಬಿಟ್ಟು ಮನೆಗೆ ಹೋಗೋ ಅಭ್ಯಾಸ ನನಗಿಲ್ಲ. ಹೇಳಿದ ಮೇಲೆ ಬಿದ್ದು ಬಿದ್ದು ನಕ್ಕಳು. ನಕ್ಕಾಗ ನೋಡ್ದೆ, ಅವಳಿಗೂ ಗೆರೆಗಳಿವೆ, ಸುಮಾರಾಗೇ ಇವೆ. ಗುರುವಾರ ಬರ್ತಾಳಂತೆ. ಕನ್ನಡಕ ಇಲ್ಲದೆ ಅವಳನ್ನ ಮುಟ್ಟಬೇಡ.”

ಕನ್ನಡಕದಣ್ಣ ಅರ್ಧ ಗಂಟೆ ಗಾಜು ಬದಲಿಸಿ ಬದಲಿಸಿ ಅಕ್ಷರ ಓದಿಸಿದ. ಎರಡು ವರ್ಷದಿಂದ ಕಾದ ಮಾತುಗಳನ್ನು ಒಂದೊಂದಾಗಿ ಆಡಿ ಮುಗಿಸುತ್ತಾನೆ ಎಂದು ಚಿಕ್ಕಮ್ಮ ಮೈ ಬಿಗಿಹಿಡಿದು ಕೂತಿದ್ದಳು. ಅವನು ಕೇಳಿದ್ದು ಒಂದೇ: “ಕೆಲಸ ಮಾಡೋವಾಗ ಮುಖ ಎಷ್ಟು ದೂರ ಇರುತ್ತೆ?” ಆಕೆ ಕೈಯಲ್ಲಿ ತೋರಿಸಿದಳು. ಅವನು ಅಳತೆಪಟ್ಟಿ ಹಿಡಿದು ನೋಡಿ ಬರೆದುಕೊಂಡ. ಮೂವತ್ತೆಂಟು ಸೆಂಟಿಮೀಟರು. ಆ ದೂರಕ್ಕೆಂದೇ ಗಾಜು ಬುಧವಾರ ಸಂಜೆ ಬಂತು.

ಅದನ್ನು ಹಾಕಿಕೊಂಡು ಚಿಕ್ಕಮ್ಮ ಮೊದಲು ನೋಡಿದ್ದು ತನ್ನ ಕೋಣೆಯ ಕನ್ನಡಿಯನ್ನು. ಎರಡು ವರ್ಷ ಮಂಜಿನಲ್ಲಿ ನುಣ್ಣಗಿದ್ದ ಮುಖದಲ್ಲಿ ಈಗ ಗೆರೆಗಳು ನಕ್ಷೆಯಲ್ಲಿನ ರಸ್ತೆಗಳಂತೆ ಎದ್ದು ಬಂದವು. “ಓಹೋ, ನೀವೆಲ್ಲ ಯಾವಾಗ ಬಂದ್ರಿ?” ಎಂದು ಕೇಳಿದಳು. ಬಾಯಿಯ ಎಡ ಮೂಲೆ ಬಲಕ್ಕಿಂತ ಕೂದಲೆಳೆಯಷ್ಟು ಕೆಳಗಿತ್ತು. ಹಳೆಯ ನರದ ಊತದ ಉಳಿಕೆ. ಪೂರ್ತಿ ಸರಿಹೋಯಿತು ಎಂದು ಇಷ್ಟು ವರ್ಷ ನಂಬಿದ್ದಳಲ್ಲ. ಅಂಟುಪಟ್ಟಿಯ ಗುರುತಿನ ಕುರ್ಚಿಯಲ್ಲಿ ಕೂತು ತನ್ನದೂ ಒಂದು ಫೋಟೋ ತೆಗೆದಿಟ್ಟುಕೊಂಡಳು. ಡ್ರಾಯರಿನಿಂದ ತಟ್ಟೆ ಹೊರಗೆ ಬಂತು. ಬಾಗಿಲಿನ ತಗಡಿನ ಕೆಳಗೆ ಒಂದು ಕಾಗದ ಅಂಟಿತು: ‘ಎಣಿಸುವಾಗ ಮಾತು ಬೇಡ.’

ಗುರುವಾರ ಬಂದವರು ಇಬ್ಬರು. ಸಂಗೀತದ ಟೀಚರು ಕುರ್ಚಿಯಲ್ಲಿ ಕಾಯುತ್ತ ಕೂತಳು. ಮಂಚ ಮೊದಲು ಲೆಕ್ಕದಕ್ಕನಿಗೆ. ಚಿಕ್ಕಮ್ಮ ಬಾಗಿದಳು. ಲೆಕ್ಕದಕ್ಕನ ಹುಬ್ಬುಗಳ ನಡುವೆ ಎರಡು ನೆಟ್ಟನೆಯ ಗೆರೆ ಸ್ಪಷ್ಟವಾಗಿ ಕಂಡವು. ಮೂವತ್ತನಾಲ್ಕು ವರ್ಷದ ಉತ್ತರ ಪತ್ರಿಕೆಗಳು ಅಲ್ಲಿದ್ದವು. ಒಂದು ಗೆರೆ ಇನ್ನೊಂದಕ್ಕಿಂತ ತುಸು ಉದ್ದ.

“ಏನು ಹಾಗೆ ನೋಡ್ತೀಯ?”

“ಏನಿಲ್ಲ ಅಕ್ಕ. ಕಾಣ್ತಿದೆ, ಅಷ್ಟೇ.”

ಮೂವತ್ತು ಹಳದಿ, ನೆತ್ತಿಗೆ ಹೊಸದಾಗಿ ತಂದ ಡಬ್ಬಿಯ ಒಂದು ಕೆಂಪು. ಇಪ್ಪತ್ತೈದು ನಿಮಿಷ. ಆಮೇಲೆ ಗಲ್ಲದಿಂದ ಶುರು. ಕಂಚಿನ ಕಂಠ ಕೋಣೆ ತುಂಬಿತು, ಕುರ್ಚಿಯಲ್ಲಿದ್ದವಳು ತೊಡೆಯ ಮೇಲೆ ಬೆರಳಲ್ಲಿ ತಾಳ ಹಾಕುತ್ತಿದ್ದಳು.

“ಹದಿನೇಳು. ಹದಿನೆಂಟು. ಹತ್ತೊಂಬತ್ತು. ಅಂದಹಾಗೆ ಈ ಸಂಗೀತದವಳು...”

“ಅಕ್ಕ. ಇಪ್ಪತ್ತು,” ಎಂದಳು ಚಿಕ್ಕಮ್ಮ, ಸೂಜಿಯನ್ನು ಬೆಳಕಿಗೆ ಹಿಡಿದು.

“ಗೊತ್ತು,” ಎಂದಳು ಲೆಕ್ಕದಕ್ಕ, ಕಣ್ಣು ಬಿಡದೆ. “ನೀನು ನೋಡ್ತಿದ್ದೀಯೋ ಇಲ್ವೋ ಅಂತ ಪರೀಕ್ಷೆ ಮಾಡ್ದೆ.”